ಬಿಲ್ಕಿಸ್ ಕಳೆದುಕೊಂಡ ಅಂಗಣ, ಕಟ್ಟಿಕೊಂಡ ಅಂಗಣ

ಸಹೋದರಿಯರೇ, ನಿಮ್ಮ ಮನೆಯಲ್ಲಿ ಎಂಟನೆಯ ಅಥವಾ ಒಂಬತ್ತನೆಯ ತರಗತಿಯಲ್ಲಿ ಓದುವ ಹೆಣ್ಣುಮಗಳಿದ್ದಾಳೆಯೇ? ಇದ್ದರೆ ಈ ಲೇಖನ ಓದುವ ಮೊದಲು ಅವಳನ್ನು ಒಂದು ಮಾತು ಕೇಳಿ. ಅವಳು ಕೊನೆಯ ಸಲ ಓಡಿದ್ದು ಯಾವಾಗ? ಬಸ್ಸು ತಪ್ಪೀತೆಂದು ಓಡಿದ್ದಲ್ಲ, ಮಳೆ ಬಂತೆಂದು ಒಣಹಾಕಿದ ಬಟ್ಟೆ ತೆಗೆಯಲು ಮಾಳಿಗೆಗೆ ಓಡಿದ್ದೂ ಅಲ್ಲ. ಆಟಕ್ಕೆಂದು ಓಡಿದ್ದು.

ಮನೆಯ ಮದುವೆಯೊಂದರ ಕಾಗದ ಹಂಚಲು ಅರಸೀಕೆರೆ, ಹಳೇಬೀಡು, ಬೇಲೂರು ಎಂದು ಒಂದು ಸುತ್ತು ಹೋಗಿದ್ದಾಗ ಹೋದ ಮನೆಯಲ್ಲೆಲ್ಲ ನಾನು ಈ ಪ್ರಶ್ನೆ ಕೇಳಿದೆ. ಅರಸೀಕೆರೆಯ ಮನೆಯಲ್ಲಿ ಹತ್ತನೆಯ ತರಗತಿಯ ಹುಡುಗಿ ಸ್ವಲ್ಪ ಯೋಚಿಸಿ, "ಏಳನೇ ಕ್ಲಾಸಿನಲ್ಲಿ ಥ್ರೋಬಾಲ್ ಆಡಿದ್ದೆ ಖಾಲಾ" ಎಂದಳು. ಈಗ ಆಟದ ಪೀರಿಯಡ್ಡಿನಲ್ಲಿ ಏನು ಮಾಡುತ್ತೀ ಎಂದರೆ, ಕಟ್ಟೆಯ ಮೇಲೆ ಕೂತು ಗೆಳತಿಯರ ವಾಚು, ಬಳೆ ಕಾಯುತ್ತಾಳಂತೆ. ಅದನ್ನು ಅವಳು ದುಃಖದಿಂದ ಹೇಳಲಿಲ್ಲ. ಸಹಜವೆಂಬಂತೆ ಹೇಳಿದಳು. ನನಗೆ ಚುಚ್ಚಿದ್ದು ಅದೇ.

ಅಲ್ಲಿಂದ ಹಳೇಬೀಡಿಗೆ ಹೋಗುವ ಬಸ್ಸು ಜಾವಗಲ್ ದಾಟಿ ಹೋಗುತ್ತದೆ. ಜಾವಗಲ್ ಶ್ರೀನಾಥ್ ಎಂಬ ಹೆಸರಿನಲ್ಲಿ ಇಡೀ ಕ್ರಿಕೆಟ್ ಜಗತ್ತಿಗೆ ಪರಿಚಯವಾದ ಜಾವಗಲ್ ಇದೇ. ಚೆಂಡು ಎಸೆಯುವುದನ್ನು ನಿಲ್ಲಿಸಿದ ಮೇಲೆ ಅವರು ಮ್ಯಾಚ್ ರೆಫರಿಯಾಗಿ ಅದೇ ಆಟದಲ್ಲಿ ಉಳಿದರು. ಆಡುವ ವಯಸ್ಸು ಮುಗಿದರೂ ಆಟದೊಳಗೆ ಕೆಲಸ ಮುಗಿಯುವುದಿಲ್ಲ ಎಂಬುದು ಗಂಡುಮಕ್ಕಳ ಮನೆಗಳಿಗೆ ಗೊತ್ತು. ಹೆಣ್ಣುಮಕ್ಕಳ ಮನೆಗಳಿಗೆ ಅದನ್ನು ಯಾರೂ ಹೇಳಿಲ್ಲ.

ಬೇಲೂರಿನ ಮನೆಯಲ್ಲಿ ಮಾತು ಬೇರೆ ದಿಕ್ಕಿಗೆ ತಿರುಗಿತು. ಪಿಯುಸಿ ಓದುವ ಹುಡುಗಿ ಬ್ಯಾಸ್ಕೆಟ್‌ಬಾಲ್ ಆಡುತ್ತಾಳೆ, ಅಂದರೆ ಆಡುತ್ತಿದ್ದಳು. "ಖಾಲಾ, ದುಪಟ್ಟಾ ಹಾಕಿಕೊಂಡೇ ದೊಡ್ಡ ಮಟ್ಟದಲ್ಲಿ ಬ್ಯಾಸ್ಕೆಟ್‌ಬಾಲ್ ಆಡಿದವರು ಯಾರಾದರೂ ಇದ್ದಾರಾ?" ಎಂದು ಕೇಳಿದಳು. ನಾನು ಉತ್ತರಿಸುವಷ್ಟರಲ್ಲಿ ಅಡುಗೆಮನೆಯಿಂದ ಅವಳ ಅಮ್ಮಿಯ ದನಿ ಬಂತು: "ಆಡಿ ಏನಾಗಬೇಕು? ನಾಳೆ ಅದು ಅನ್ನ ಹಾಕುತ್ತದಾ?"

ಎರಡು ಪ್ರಶ್ನೆಗೂ ಒಂದೇ ಹೆಸರು ಉತ್ತರವಾಗಿ ನನಗೆ ಹೊಳೆಯಿತು. ಬಿಲ್ಕಿಸ್ ಅಬ್ದುಲ್ ಖಾದಿರ್. ಅವತ್ತು ಚಹಾ ಕುಡಿಯುತ್ತಾ ಆ ತಾಯಿ ಮಗಳಿಗೆ ಹೇಳಿದ್ದನ್ನೇ ಇಲ್ಲಿ ನಿಮಗೂ ಹೇಳುತ್ತಿದ್ದೇನೆ, ಸ್ವಲ್ಪ ವಿವರವಾಗಿ.

ಬುಟ್ಟಿ ನೇತುಹಾಕಿದ ಊರು

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿದೆ. 1891ರ ಡಿಸೆಂಬರ್‌ನ ಚಳಿಯಲ್ಲಿ ಅಲ್ಲಿನ ತರಬೇತಿ ಶಾಲೆಯೊಂದರ ಹುಡುಗರು ಹೊರಗೆ ಆಡಲಾಗದೆ ಒಳಗೆ ಗಲಾಟೆ ಮಾಡುತ್ತಿದ್ದಾಗ, ಜೇಮ್ಸ್ ನೈಸ್ಮಿತ್ ಎಂಬ ಶಿಕ್ಷಕರು ಹಣ್ಣು ತುಂಬುವ ಎರಡು ಬುಟ್ಟಿಗಳನ್ನು ಎತ್ತರಕ್ಕೆ ಮೊಳೆ ಹೊಡೆದು ನೇತುಹಾಕಿ, 13 ನಿಯಮಗಳನ್ನು ಬರೆದು ಗೋಡೆಗೆ ಅಂಟಿಸಿದರು. ಬ್ಯಾಸ್ಕೆಟ್‌ಬಾಲ್ ಹುಟ್ಟಿದ್ದು ಹೀಗೆ. ಬುಟ್ಟಿಗೆ ತಳವಿದ್ದುದರಿಂದ ಚೆಂಡು ಬಿದ್ದಾಗಲೆಲ್ಲ ಏಣಿ ಹತ್ತಿ ತೆಗೆಯಬೇಕಿತ್ತು!

ಇದರ ಪಕ್ಕದಲ್ಲೇ ಇನ್ನೊಂದು ಕತೆಯಿದೆ. ನಮ್ಮ ಓದುಗರಿಗೆ ಅದು ಹೆಚ್ಚು ಹಿಡಿಸೀತು. ಸ್ಪ್ರಿಂಗ್‌ಫೀಲ್ಡಿಗೆ ಸಮೀಪದ ನಾರ್ತಾಂಪ್ಟನ್‌ನಲ್ಲಿ ಸ್ಮಿತ್ ಕಾಲೇಜು ಎಂಬ ಹೆಣ್ಣುಮಕ್ಕಳ ಕಾಲೇಜಿತ್ತು. ಅಲ್ಲಿನ ದೈಹಿಕ ಶಿಕ್ಷಣದ ಅಧ್ಯಾಪಕಿ ಸೆಂಡಾ ಬೆರೆನ್ಸನ್ ಈ ಆಟದ ಬಗ್ಗೆ ಓದಿ ತನ್ನ ವಿದ್ಯಾರ್ಥಿನಿಯರಿಗೆ ಕಲಿಸಿದರು. 1893ರ ಮಾರ್ಚ್‌ನಲ್ಲಿ ಮೊದಲ ವರ್ಷದವರಿಗೂ ಎರಡನೆಯ ವರ್ಷದವರಿಗೂ ಪಂದ್ಯವಾಯಿತು. ಆಡುವವರು ಸಡಿಲವಾದ ಆಟದ ಉಡುಪಿನಲ್ಲಿದ್ದರೆಂದು ಗಂಡಸರು ಪ್ರೇಕ್ಷಕರಾಗಿ ಒಳಬರುವಂತಿರಲಿಲ್ಲ. ಅಂದರೆ ಹೆಂಗಸರ ಬ್ಯಾಸ್ಕೆಟ್‌ಬಾಲ್ ಶುರುವಾದದ್ದೇ ಮುಚ್ಚಿದ ಬಾಗಿಲ ಹಿಂದೆ, ಒಬ್ಬ ಮಹಿಳಾ ಕೋಚಿನ ಕೈಯಲ್ಲಿ. ಉಡುಪಿನ ಕಾರಣಕ್ಕೆ ಹೆಣ್ಣುಮಕ್ಕಳ ಆಟ ನಿಲ್ಲಬೇಕಿಲ್ಲ, ಏರ್ಪಾಡು ಬದಲಿಸಿದರೆ ಸಾಕು ಎಂದು ಆಗಲೇ ಒಬ್ಬಾಕೆಗೆ ಹೊಳೆದಿತ್ತು.

ಅದೇ ಸ್ಪ್ರಿಂಗ್‌ಫೀಲ್ಡಿನಲ್ಲಿ 1990ರ ನವೆಂಬರ್‌ನಲ್ಲಿ ಬಿಲ್ಕಿಸ್ ಹುಟ್ಟಿದರು. ಎಂಟು ಮಕ್ಕಳಲ್ಲಿ ಕೊನೆಯವರು. ಎತ್ತರದ ಆಟವೆಂದು ಹೆಸರಾದ ಬ್ಯಾಸ್ಕೆಟ್‌ಬಾಲ್‌ನಲ್ಲಿ ಅವರ ಎತ್ತರ ಐದೂಕಾಲು ಅಡಿಯ ಆಸುಪಾಸು. ನಮ್ಮ ಅರಸೀಕೆರೆ ಸಂತೆಯಲ್ಲಿ ನಿಂತರೆ ಯಾರೂ ತಿರುಗಿ ನೋಡದಷ್ಟು ಸಾಧಾರಣ ಎತ್ತರ. ಇಂತಹವರು ಈ ಆಟದಲ್ಲಿ ಬದುಕುವುದು ಕೈಚಳಕದಿಂದ, ವೇಗದಿಂದ. ಚೆಂಡನ್ನು ನೋಡದೆಯೇ ನೆಲಕ್ಕೆ ಪುಟಿಸುತ್ತಾ ಎದುರಾಳಿಯ ಸೊಂಟದ ಮಟ್ಟದಲ್ಲಿ ನುಸುಳಿ ಹೋಗುವ ಕಲೆ ಅದು. ಅಣ್ಣಂದಿರ ಜೊತೆ ಆಡಿ ಬೆಳೆದ ಹುಡುಗಿಗೆ ಅದು ಚಿಕ್ಕಂದಿನಲ್ಲೇ ಒಲಿದಿತ್ತು.

ಹದಿಹರೆಯಕ್ಕೆ ಕಾಲಿಟ್ಟಾಗ ಬಿಲ್ಕಿಸ್ ಶಿರವಸ್ತ್ರ ಧರಿಸತೊಡಗಿದರು. ತಂಡದ ತೋಳಿಲ್ಲದ ಅಂಗಿಯ ಒಳಗೆ ಉದ್ದ ತೋಳಿನ ಬಟ್ಟೆ, ಚಡ್ಡಿಯ ಕೆಳಗೆ ಕಾಲು ಮುಚ್ಚುವ ಬಟ್ಟೆ. ಅದೇ ತಂಡ, ಅದೇ ಆಟ, ಉಡುಪು ಮಾತ್ರ ಬೇರೆ. 2001ರ ದಾಳಿಯ ನೆನಪು ಹಸಿಯಾಗಿದ್ದ ಅಮೆರಿಕದಲ್ಲಿ ಪ್ರೇಕ್ಷಕರ ಸಾಲಿನಿಂದ ಕುಹಕದ ಮಾತುಗಳು ಕೇಳಿಬಂದವು. ಆಕೆ ಉತ್ತರ ಕೊಟ್ಟದ್ದು ಅಂಕಪಟ್ಟಿಯಲ್ಲಿ. 2009ರಲ್ಲಿ ಹೈಸ್ಕೂಲು ಮುಗಿಸುವಾಗ ಅವರ ಹೆಸರಿನಲ್ಲಿ 3,070 ಅಂಕಗಳಿದ್ದವು. ಅದಕ್ಕೆ ಮೊದಲು ಆ ರಾಜ್ಯದ ಹುಡುಗಿಯರ ದಾಖಲೆ 2,710. ಅದು ಮುಂದೆ ಒಲಿಂಪಿಕ್ ಚಿನ್ನ ಗೆದ್ದ ರೆಬೆಕಾ ಲೋಬೋ ಅವರದು. ಹುಡುಗರೂ ಸೇರಿದಂತೆ ಆ ರಾಜ್ಯದಲ್ಲಿ ಯಾರೂ ಮೂರು ಸಾವಿರ ಮುಟ್ಟಿರಲಿಲ್ಲ.

ಆ ವರ್ಷದ ರಮಝಾನ್‌ನಲ್ಲಿ ಅಧ್ಯಕ್ಷ ಒಬಾಮ ಶ್ವೇತಭವನದಲ್ಲಿ ಏರ್ಪಡಿಸಿದ ಇಫ್ತಾರ್ ಕೂಟಕ್ಕೆ ಬಿಲ್ಕಿಸ್‌ಗೆ ಆಹ್ವಾನವಿತ್ತು. ಅಧ್ಯಕ್ಷರು ಭಾಷಣದಲ್ಲಿ ಅವರ ಹೆಸರು ಹಿಡಿದು ಹೊಗಳಿದರು. ನಮ್ಮ ಕಡೆಯ ಪತ್ರಿಕೆಗಳಾದರೆ ಇಲ್ಲಿಗೇ ಕತೆ ಮುಗಿಸಿ "ಸಾಧಕಿ" ಎಂದು ತಲೆಬರಹ ಕೊಡುತ್ತಿದ್ದವು. ಆದರೆ ನಿಜವಾದ ಕತೆ ಶುರುವಾಗುವುದು ಇದರ ನಂತರ.

ಕಾಲೇಜು ತಂಡದಲ್ಲಿ

ಬ್ಯಾಸ್ಕೆಟ್‌ಬಾಲ್‌ಗಾಗಿಯೇ ಸಿಕ್ಕ ವಿದ್ಯಾರ್ಥಿವೇತನದಲ್ಲಿ ಬಿಲ್ಕಿಸ್ ಮೆಂಫಿಸ್ ವಿಶ್ವವಿದ್ಯಾಲಯ ಸೇರಿದರು. ಸೇರಿದ ಕೂಡಲೇ ಮೊಣಕಾಲಿನ ಲಿಗಮೆಂಟ್ ಹರಿಯಿತು. ಇಡೀ ಮೊದಲ ವರ್ಷ ಅಂಗಣದ ಹೊರಗೆ ಕುಳಿತು ನೋಡುವುದೇ ಆಯಿತು. 2010ರ ನವೆಂಬರ್‌ನಲ್ಲಿ ಕೊನೆಗೂ ಅಂಗಣಕ್ಕೆ ಇಳಿದಾಗ, ಮುನ್ನೂರಕ್ಕೂ ಹೆಚ್ಚು ಕಾಲೇಜುಗಳಿರುವ ಅಮೆರಿಕದ ಮೊದಲ ದರ್ಜೆಯ ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ ಹಿಜಾಬ್ ಧರಿಸಿ ಆಡಿದ ಮೊದಲ ಆಟಗಾರ್ತಿ ಅವರಾದರು.

ಮೊಣಕಾಲಿನ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಓಡಿ, ಹಾರಿ, ಥಟ್ಟನೆ ತಿರುಗುವ ಆಟಗಳಲ್ಲಿ ಈ ಲಿಗಮೆಂಟ್ ಹರಿಯುವುದು ಹುಡುಗರಿಗಿಂತ ಹುಡುಗಿಯರಲ್ಲಿ ಹೆಚ್ಚು. ಹಾರಿದವಳು ನೆಲಕ್ಕಿಳಿಯುವಾಗ ಮೊಣಕಾಲು ಒಳಗೆ ವಾಲದಂತೆ, ಮಂಡಿ ಬಗ್ಗಿಸಿ ಮೆತ್ತಗೆ ಇಳಿಯುವುದನ್ನು ಮೊದಲಿನಿಂದ ಅಭ್ಯಾಸ ಮಾಡಿಸಿದರೆ ಈ ಅಪಾಯ ಬಹಳಷ್ಟು ತಗ್ಗುತ್ತದೆ. ಇದನ್ನು ಕಲಿಸುವವರು ಬೇಕು. ಚೆಂಡು ಕೊಟ್ಟು "ಆಡ್ಕೊಳ್ಳಿ" ಎಂದು ನೆರಳಿಗೆ ಹೋಗಿ ಕೂರುವವರಿಂದ ಇದು ಆಗುವುದಿಲ್ಲ.

ಬಿಲ್ಕಿಸ್ ಓದಿದ್ದು ಏನನ್ನು? ತಾಯಂದಿರು ಇದನ್ನು ಗಮನಿಸಬೇಕು. 2013ರಲ್ಲಿ ವ್ಯಾಯಾಮ ವಿಜ್ಞಾನದಲ್ಲಿ ಪದವಿ ಪಡೆದರು. ಗಾಯದ ವರ್ಷ ಲೆಕ್ಕಕ್ಕೆ ಬಾರದ್ದರಿಂದ ಆಡಲು ಇನ್ನೂ ಒಂದು ವರ್ಷದ ಅವಕಾಶ ಉಳಿದಿತ್ತು. ಅದನ್ನು ಇಂಡಿಯಾನಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಆಡುತ್ತಲೇ ಕ್ರೀಡಾ ತರಬೇತಿಯಲ್ಲಿ ಸ್ನಾತಕೋತ್ತರ ಪದವಿ ಮಾಡಿಕೊಂಡರು. ಆಗ ಅವರ ಕನಸು ಕೋಚ್ ಆಗುವುದಾಗಿರಲಿಲ್ಲ. ಯುರೋಪಿಗೆ ಹೋಗಿ ವೃತ್ತಿಪರ ಆಟಗಾರ್ತಿಯಾಗುವುದಾಗಿತ್ತು. ಆದರೆ ಬೇರೊಂದು ಬಾಗಿಲ ಕೀಲಿಕೈ ಆಗಲೇ ಕೈಯಲ್ಲಿತ್ತು. ಓದು ಎಂದರೆ ಅದೇ ತಾನೇ?

ಐದು ಸೆಂಟಿಮೀಟರ್

2014ರಲ್ಲಿ ಬಾಗಿಲು ಮುಚ್ಚಿತು. ಅಮೆರಿಕದ ಕಾಲೇಜು ಪಂದ್ಯಗಳಿಗೆ ಒಂದು ನಿಯಮವಾದರೆ ಹೊರದೇಶಗಳ ವೃತ್ತಿಪರ ಬ್ಯಾಸ್ಕೆಟ್‌ಬಾಲ್‌ಗೆ ಅಂತಾರಾಷ್ಟ್ರೀಯ ಒಕ್ಕೂಟ ಫಿಬಾದ ನಿಯಮ. ಅದರ ಪ್ರಕಾರ ಆಟಗಾರರು ತಲೆಯ ಮೇಲೆ ಏನನ್ನೂ ಧರಿಸುವಂತಿರಲಿಲ್ಲ. ಕೂದಲು ಹಿಡಿಯುವ ಪಟ್ಟಿಗೆ ಮಾತ್ರ ಅವಕಾಶ, ಅದೂ ಐದು ಸೆಂಟಿಮೀಟರ್ ಅಗಲ ಮೀರಬಾರದು. ಕಾರಣ ಸುರಕ್ಷತೆ ಎಂದರು. ಕಾಲೇಜಿನಲ್ಲಿ ವರ್ಷಗಟ್ಟಲೆ ಹಿಜಾಬ್ ಧರಿಸಿ ಆಡಿದಾಕೆಯಿಂದ ಯಾರಿಗೆ ಏನು ಅಪಾಯವಾಗಿತ್ತು ಎಂಬ ಪ್ರಶ್ನೆಗೆ ಉತ್ತರವಿರಲಿಲ್ಲ.

ಈ ನಿಯಮ ಮುಸ್ಲಿಂ ಹೆಣ್ಣುಮಕ್ಕಳನ್ನು ಮಾತ್ರ ತಡೆಯಿತೆಂದು ಹೇಳಿದರೆ ಅನ್ಯಾಯವಾದೀತು. ಅದೇ 2014ರ ಜುಲೈಯಲ್ಲಿ ಚೀನಾದ ವುಹಾನ್‌ನಲ್ಲಿ ನಡೆದ ಏಷ್ಯಾ ಕಪ್‌ನಲ್ಲಿ ನಮ್ಮ ಭಾರತ ತಂಡದ ಸಿಖ್ ಆಟಗಾರರಾದ ಅಮೃತ್‌ಪಾಲ್ ಸಿಂಗ್ ಮತ್ತು ಅಮ್ಜ್ಯೋತ್ ಸಿಂಗ್ ಅವರಿಗೆ ಪೇಟ ತೆಗೆಯುವಂತೆ ಹೇಳಲಾಯಿತು. ದೇಶಕ್ಕಾಗಿ ಆಡಬೇಕಿದ್ದುದರಿಂದ ಅವರು ನೋವಿನಿಂದಲೇ ತೆಗೆದು ಆಡಿದರು. ಸೆಪ್ಟೆಂಬರ್‌ನಲ್ಲಿ ದಕ್ಷಿಣ ಕೊರಿಯಾದ ಇಂಚಾನ್ ಏಷ್ಯನ್ ಕ್ರೀಡಾಕೂಟದಲ್ಲಿ ಕತಾರ್‌ನ ಮಹಿಳಾ ತಂಡ ಹಿಜಾಬ್ ತೆಗೆಯಲು ಒಪ್ಪದೆ ಮಂಗೋಲಿಯಾದ ವಿರುದ್ಧ ಆಡದೆಯೇ ಹಿಂದಿರುಗಿತು.

ಬಿಲ್ಕಿಸ್ ಏನು ಮಾಡಿದರು? ವೀರಾವೇಶದ ಉತ್ತರವನ್ನು ನಿರೀಕ್ಷಿಸಬೇಡಿ. ಅವರು ಕುಸಿದುಹೋದರು. ನಾಲ್ಕು ವರ್ಷದ ಹುಡುಗಿಯಾಗಿದ್ದಾಗಿನಿಂದ ಕೈಯಲ್ಲಿದ್ದ ಚೆಂಡು ಅದು. ಶಿರವಸ್ತ್ರವನ್ನು ತೆಗೆದುಬಿಡಲೇ ಎಂದು ಯೋಚಿಸಿದ್ದನ್ನೂ ಅವರು ಮುಂದೆ ಮುಚ್ಚಿಡಲಿಲ್ಲ. ಆ ದಿನಗಳ ಗೊಂದಲದ ಕುರಿತೇ "ಲೈಫ್ ವಿತೌಟ್ ಬ್ಯಾಸ್ಕೆಟ್‌ಬಾಲ್" ಎಂಬ ಸಾಕ್ಷ್ಯಚಿತ್ರ 2018ರಲ್ಲಿ ಬಂತು. ಈ ಪ್ರಾಮಾಣಿಕತೆಯಿಂದಾಗಿಯೇ ಆಕೆ ನನಗೆ ಹತ್ತಿರದವರೆನಿಸುತ್ತಾರೆ. ಒಂದು ಕ್ಷಣವೂ ಅಲುಗಾಡದವರ ಕತೆ ಓದಲು ಚೆನ್ನ. ಆದರೆ ನಮ್ಮ ಹುಡುಗಿಯರಿಗೆ ಬೇಕಾದದ್ದು ಅಲುಗಾಡಿದ ಮೇಲೂ ನಿಂತವರ ಕತೆ.

ಅವರು ಶಿರವಸ್ತ್ರ ಉಳಿಸಿಕೊಂಡರು, ವೃತ್ತಿಪರ ಆಟ ಬಿಟ್ಟರು, ನಿಯಮ ಬದಲಿಸಲು ದನಿ ಎತ್ತಿದರು. ಒಬ್ಬರೇ ಅಲ್ಲ. ಬೋಸ್ನಿಯಾ ಮೂಲದ ಇಂದಿರಾ ಕಾಲ್ಜೊ ಸಹಿ ಸಂಗ್ರಹ ಶುರುಮಾಡಿದ್ದರು. ಸುಡಾನ್ ಮೂಲದ ಬ್ರಿಟಿಷ್ ಆಟಗಾರ್ತಿ, ಕವಯಿತ್ರಿ ಅಸ್ಮಾ ಎಲ್ಬದಾವಿ ಅವರ ಮನವಿಗೆ ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು. ಕೊನೆಗೆ 2017ರ ಮೇ ತಿಂಗಳಲ್ಲಿ ಫಿಬಾ ನಿಯಮ ಬದಲಿಸಿತು. ಆ ವರ್ಷದ ಅಕ್ಟೋಬರ್ 1ರಿಂದ ಅದು ಜಾರಿಗೆ ಬಂತು. ಶಿರವಸ್ತ್ರ ಕಪ್ಪು, ಬಿಳಿ ಅಥವಾ ತಂಡದ ಅಂಗಿಯ ಬಣ್ಣದ್ದಾಗಿರಬೇಕು. ತಂಡದಲ್ಲಿ ಎಷ್ಟು ಮಂದಿ ಧರಿಸಿದರೂ ಎಲ್ಲರದೂ ಒಂದೇ ಬಣ್ಣ. ಮುಖ ಮುಚ್ಚುವಂತಿಲ್ಲ. ಮುಖ, ಕತ್ತಿನ ಸುತ್ತ ಬಿಗಿಯುವ ಬಿಚ್ಚುವ ಕೊಂಡಿಗಳಿರಬಾರದು, ತುದಿಗಳು ಹೊರಗೆ ಇಳಿಬೀಳಬಾರದು. ಇಷ್ಟೇ. ಹತ್ತು ಸಾಲಿನಲ್ಲಿ ಮುಗಿಯುವ ಈ ವಿಷಯಕ್ಕೆ ಮೂರು ವರ್ಷ ಹಿಡಿಯಿತು. ಆ ಮೂರು ವರ್ಷಗಳು ಒಬ್ಬ ಆಟಗಾರ್ತಿಯ ಬದುಕಿನ ಅತ್ಯುತ್ತಮ ವರ್ಷಗಳು. ನಿಯಮ ಬದಲಾದಾಗ ಬಿಲ್ಕಿಸ್‌ಗೆ 26 ದಾಟಿತ್ತು. ಅವರು ವೃತ್ತಿಪರ ಆಟಗಾರ್ತಿಯಾಗಲೇ ಇಲ್ಲ. ಅವರು ದೂಡಿದ ಬಾಗಿಲಿನಿಂದ ಒಳಹೋದವರು ಬೇರೆಯವರು.

ಇದು ಎಲ್ಲೋ ದೂರದ ಸಂಗತಿಯಲ್ಲ. 2017ರ ಜುಲೈಯಲ್ಲಿ ಮಹಿಳಾ ಏಷ್ಯಾ ಕಪ್ ನಡೆದದ್ದು ನಮ್ಮ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ. ಭಾರತದ ಹುಡುಗಿಯರು ಫೈನಲ್‌ನಲ್ಲಿ ಕಜಕಸ್ತಾನವನ್ನು 75-73ರಿಂದ ಸೋಲಿಸಿ ಮೇಲಿನ ವಿಭಾಗಕ್ಕೆ ಏರಿದರು. ಆ ದಿನ ಹೊಸ ನಿಯಮ ಘೋಷಣೆಯಾಗಿತ್ತು, ಜಾರಿಯಾಗಿರಲಿಲ್ಲ. 2019ರಲ್ಲಿ ಅದೇ ಪಂದ್ಯಾವಳಿ ಅದೇ ಕ್ರೀಡಾಂಗಣಕ್ಕೆ ಮತ್ತೆ ಬಂದಾಗ ಜಾರಿಯಲ್ಲಿತ್ತು.

ಅರಸೀಕೆರೆಯಲ್ಲಿ ರೈಲು ಹತ್ತಿದರೆ ಬೆಂಗಳೂರು ಕೆಲವೇ ಗಂಟೆಗಳ ದಾರಿ. ಆದರೂ ಹಿಜಾಬ್ ಮತ್ತು ವಿದ್ಯಾರ್ಥಿನಿ ಎಂದಾಗ ನಮಗೆ ನೆನಪಾಗುವುದು 2017 ಅಲ್ಲ, 2022. ಆ ವರ್ಷದ ಫೆಬ್ರವರಿಯಲ್ಲಿ ಬಂದ ಸರಕಾರಿ ಆದೇಶ, ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿದ ಹೈಕೋರ್ಟ್, ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಭಿನ್ನ ತೀರ್ಪು. ಆ ದಿನಗಳಲ್ಲಿ ಕಾಲೇಜಿನ ಗೇಟಿನ ಬಳಿ ನಿಂತ ಹುಡುಗಿಯರಿಗೆ ಬಿಲ್ಕಿಸ್‌ರ ಮೂರು ವರ್ಷಗಳು ಹೇಗಿದ್ದವೆಂದು ಬಿಡಿಸಿ ಹೇಳಬೇಕಿಲ್ಲ.

ಸೀಟಿ ಕೈಗೆ ಬಂದಾಗ

ಆಟ ನಿಂತ ಮೇಲೆ ಬಿಲ್ಕಿಸ್ ಮೆಂಫಿಸ್‌ಗೆ ಮರಳಿ ಅಲ್ಲಿನ ಒಂದು ಇಸ್ಲಾಮಿಕ್ ಶಾಲೆಯಲ್ಲಿ ಮಕ್ಕಳಿಗೆ ಆಟ ಕಲಿಸತೊಡಗಿದರು. ಸಾವಿರಾರು ಪ್ರೇಕ್ಷಕರ ಮುಂದೆ ಆಡಿದವರು ಷೂ ದಾರ ಕಟ್ಟಲು ಬಾರದ ಮಕ್ಕಳ ಮುಂದೆ ನಿಂತರು. ಕಾಲೇಜಿನಲ್ಲಿ ಕಲಿತ ತರಬೇತಿಯ ಪಾಠ ಅಲ್ಲಿ ಕೆಲಸಕ್ಕೆ ಬಂತು. ಮದುವೆಯಾದ ಮೇಲೆ ಕೆನಡಾದ ಒಂಟಾರಿಯೊ ಪ್ರಾಂತ್ಯದ ಲಂಡನ್ ನಗರಕ್ಕೆ ಹೋಗಿ ಲಂಡನ್ ಇಸ್ಲಾಮಿಕ್ ಸ್ಕೂಲ್‌ನಲ್ಲಿ ದೈಹಿಕ ಶಿಕ್ಷಣ ಕಲಿಸಿದರು. ಪತಿಯ ಜೊತೆ ಸೇರಿ "ಡ್ರಿಬ್ಲಿಂಗ್ ಡೌನ್ ಬ್ಯಾರಿಯರ್ಸ್" ಎಂಬ ಸಂಸ್ಥೆ ಕಟ್ಟಿದರು. ಚೆಂಡು ಪುಟಿಸುತ್ತಾ ಅಡ್ಡಗೋಡೆ ಕೆಡವುವುದು ಎಂದು ಅದರ ಭಾವ. ಮುಸ್ಲಿಂ ಮಕ್ಕಳೂ ಇತರ ಮಕ್ಕಳೂ ಒಂದೇ ಅಂಗಣದಲ್ಲಿ ಬೆರೆತು ಆಡುವ ಶಿಬಿರಗಳು ಅದರ ಕೆಲಸ.

"ಅಷ್ಟು ದೊಡ್ಡ ಆಟಗಾರ್ತಿ ಕೊನೆಗೆ ಪಿ.ಟಿ. ಟೀಚರ್ ಆದಳಾ?" ಎಂದು ಬೇಲೂರಿನ ತಾಯಿ ಕೇಳಿದರು. ಅವರ ಮುಖದಲ್ಲಿ ನಿರಾಶೆಯಿತ್ತು. ಆ ನಿರಾಶೆ ನನಗೆ ಅರ್ಥವಾಗುತ್ತದೆ, ಆದರೆ ನಾನು ಒಪ್ಪುವುದಿಲ್ಲ. ಮೂರು ಸಾವಿರ ಅಂಕ ಒಬ್ಬಳದು. ಒಬ್ಬ ಕೋಚ್ ಇಪ್ಪತ್ತು ವರ್ಷ ಒಂದು ಶಾಲೆಯಲ್ಲಿದ್ದರೆ ಎಷ್ಟು ಹುಡುಗಿಯರು ಅವಳ ಕೈಯಿಂದ ಹಾದುಹೋಗುತ್ತಾರೆ, ಲೆಕ್ಕ ಹಾಕಿ.

ಕೋಚ್ ಕೆಲಸ ಎಂದರೆ ಸೀಟಿ ಊದುವುದಲ್ಲ. ಹೊಸಬಳು ಬಂದರೆ ಮೊದಲ ದಿನ ಬುಟ್ಟಿಯ ಕಡೆ ನೋಡಲೂ ಬಿಡಬಾರದು. ಬಲಗೈಯವಳಿಗೆ ಎಡಗೈಯಲ್ಲಿ ಚೆಂಡು ಪುಟಿಸಲು ಹೇಳಬೇಕು. ಕಣ್ಣು ಚೆಂಡಿನ ಮೇಲಿರದೆ ಎದುರಿಗೆ ಇರಬೇಕು. ಕೋಚ್ ಬೆರಳು ಎತ್ತಿ ತೋರಿಸಿ "ಎಷ್ಟು?" ಎಂದು ಕೇಳುತ್ತಿದ್ದರೆ ತಲೆ ತಾನಾಗಿ ಮೇಲೇಳುತ್ತದೆ. ಆಮೇಲೆ ಒಂದು ಕಾಲನ್ನು ನೆಲಕ್ಕೆ ನೆಟ್ಟು ಇನ್ನೊಂದರಿಂದ ತಿರುಗುವುದು, ಎದೆಯ ಮಟ್ಟದಿಂದ ಚೆಂಡು ಕೊಡುವುದು, ಕೊನೆಗೆ ಎರಡು ಹೆಜ್ಜೆ ಹಾಕಿ ಹಾರಿ ಬುಟ್ಟಿಗೆ ಹಾಕುವುದು. ಇದೆಲ್ಲ ಯಾವ ಕೋಚೂ ಕಲಿಸಬಹುದು. ಆದರೆ ಯಾವ ಹುಡುಗಿ ತಿಂಗಳ ಆ ಮೂರು ದಿನ ನೆಪ ಹೇಳದೆ ಬಾಯಿಬಿಟ್ಟು ಹೇಳಬಲ್ಲಳು, ಯಾರ ಅಬ್ಬಾ ಸಂಜೆ ಆರರ ನಂತರ ಬಿಡುವುದಿಲ್ಲ, ಯಾರಿಗೆ ಮೈಗಂಟುವ ಬಟ್ಟೆಯಲ್ಲಿ ಮುಜುಗರ, ಇದೆಲ್ಲ ಗೊತ್ತಾಗಬೇಕಾದರೆ ಕೋಚ್ ಮಹಿಳೆಯೇ ಆಗಿದ್ದರೆ ಒಳ್ಳೆಯದು. ಅವಳು ನಮ್ಮ ಮನೆಗೆ ಬಂದು ಅಡುಗೆಮನೆಯಲ್ಲಿ ಕೂತು ತಾಯಿಯ ಜೊತೆ ಮಾತಾಡಬಲ್ಲಳು.

ಇಲ್ಲಿ ನಾವು ಒಂದು ಸತ್ಯ ಒಪ್ಪಿಕೊಳ್ಳಬೇಕು. ನಮ್ಮ ಹುಡುಗಿಯರಲ್ಲಿ ಎಷ್ಟು ಮಂದಿಯನ್ನು ಫಿಬಾ ತಡೆದಿದೆ? ಅಷ್ಟು ದೂರ ಹೋಗುವ ಮೊದಲೇ ನಮ್ಮ ಹೊಸಿಲು ಅವರನ್ನು ತಡೆದಿರುತ್ತದೆ. "ದೊಡ್ಡವಳಾದಳು" ಎಂಬ ಒಂದೇ ಮಾತಿಗೆ ಥ್ರೋಬಾಲ್, ಖೋಖೋ, ಸೈಕಲ್ ಎಲ್ಲ ಒಂದೇ ದಿನ ನಿಲ್ಲುತ್ತವೆ. ನನ್ನದೂ ಹಾಗೇ ನಿಂತಿತ್ತು. ಹೈಸ್ಕೂಲಿನ ತಂಡಕ್ಕೆ ಹೆಸರು ಬಂದಿತ್ತು, ತಾಲೂಕು ಮಟ್ಟದ ಪಂದ್ಯಕ್ಕೆ ಹೋಗಲಿಲ್ಲ. ಯಾರೂ ಬೈಯಲಿಲ್ಲ, ಹೊಡೆಯಲಿಲ್ಲ. ಸುಮ್ಮನೆ ಆ ಬೆಳಿಗ್ಗೆ ನನ್ನನ್ನು ಯಾರೂ ಎಬ್ಬಿಸಲಿಲ್ಲ.

ಬೇಲೂರಿನ ಆ ಮನೆಯಲ್ಲಿ ಮಾತು ಇಲ್ಲಿಗೆ ಬಂದಾಗ ಅಷ್ಟು ಹೊತ್ತು ತಸ್ಬೀಹ್ ಹಿಡಿದು ಕೂತಿದ್ದ ಹುಡುಗಿಯ ನಾನಿ ಬಾಯಿಬಿಟ್ಟರು. ಹಝ್ರತ್ ಆಯಿಶಾ(ರ) ಅವರು ಪ್ರವಾದಿ(ಸ)ಯವರ ಜೊತೆ ಓಟದ ಪಂದ್ಯ ಕಟ್ಟಿ ಒಮ್ಮೆ ಗೆದ್ದದ್ದು, ಕೆಲವು ಕಾಲದ ಮೇಲೆ ಮತ್ತೆ ಓಡಿ ಸೋತದ್ದು ಅವರಿಗೆ ಚೆನ್ನಾಗಿ ನೆನಪಿತ್ತು. "ಅದನ್ನು ಪ್ರತಿ ವರ್ಷ ಇಜ್ತೆಮಾದಲ್ಲಿ ಕೇಳುತ್ತೇವೆ, ಮನೆಗೆ ಬಂದು ಹುಡುಗಿಯನ್ನು ಕೂರಿಸುತ್ತೇವೆ" ಎಂದು ನಕ್ಕರು. ಮಗಳ ತಾಯಿ ನಗಲಿಲ್ಲ. ಅವರ ಪ್ರಶ್ನೆಗೆ ಇನ್ನೂ ಉತ್ತರ ಸಿಕ್ಕಿರಲಿಲ್ಲ.

ಅನ್ನದ ಪ್ರಶ್ನೆ

ಆ ಪ್ರಶ್ನೆ ತೀರಾ ನ್ಯಾಯವಾದದ್ದು, ತಳ್ಳಿಹಾಕುವಂತಿಲ್ಲ. ಆಟಗಾರ್ತಿಯಾಗಿಯೇ ಬದುಕು ಕಟ್ಟಿಕೊಳ್ಳುವುದು ನಮ್ಮ ದೇಶದಲ್ಲಿ ಬೆರಳೆಣಿಕೆಯ ಮಂದಿಗೆ ಸಾಧ್ಯ. ರೈಲ್ವೆ ಮುಂತಾದ ಇಲಾಖೆಗಳಲ್ಲಿ ಕ್ರೀಡಾ ಕೋಟಾದ ನೌಕರಿಗಳಿವೆಯಾದರೂ ಅಲ್ಲಿಗೆ ತಲುಪಲು ರಾಷ್ಟ್ರಮಟ್ಟದ ಆಟ ಬೇಕು. ಕಲಿಸುವ ದಾರಿ ಅದಕ್ಕಿಂತ ಅಗಲವಾದದ್ದು. ಪದವಿಯ ನಂತರ ಬಿ.ಪಿ.ಎಡ್. ಇದೆ. ಹಿಂದೆ ಒಂದು ವರ್ಷವಿತ್ತು, 2015ರಿಂದ ಎರಡು ವರ್ಷ. ಇದಾದರೆ ಶಾಲೆಗಳಲ್ಲಿ ದೈಹಿಕ ಶಿಕ್ಷಣ ಶಿಕ್ಷಕಿಯಾಗಬಹುದು. ಎಂ.ಪಿ.ಎಡ್. ಮಾಡಿದರೆ ಕಾಲೇಜಿನ ಬಾಗಿಲೂ ತೆರೆಯುತ್ತದೆ. ಆಟವೊಂದರಲ್ಲೇ ಕೋಚ್ ಆಗಬೇಕೆನ್ನುವವರಿಗೆ ಪಟಿಯಾಲದಲ್ಲಿ 1961ರಲ್ಲಿ ಶುರುವಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಡಿಪ್ಲೊಮಾ ಇದೆ. ಎನ್.ಐ.ಎಸ್. ಎಂದರೆ ಕ್ರೀಡಾ ವಲಯದಲ್ಲಿ ಎಲ್ಲರಿಗೂ ಗೊತ್ತು. ಅದೇ ಸಂಸ್ಥೆ ಆರು ವಾರಗಳ ಚಿಕ್ಕ ಕೋರ್ಸನ್ನೂ ನಡೆಸುತ್ತಾ ಬಂದಿದೆ.

ಇವಕ್ಕೆಲ್ಲ ಅರ್ಜಿ ಹಾಕುವಾಗ ಎಲ್ಲಿ ಆಡಿದ್ದೆ ಎಂಬ ದಾಖಲೆಗೆ ಬೆಲೆ ಬರುತ್ತದೆ. ಆದ್ದರಿಂದ ತಾಲೂಕು, ಜಿಲ್ಲೆ, ಅಂತರ ಕಾಲೇಜು, ಅಂತರ ವಿಶ್ವವಿದ್ಯಾಲಯ, ಯಾವ ಮಟ್ಟದ್ದಾದರೂ ಸರಿ, ಪ್ರಮಾಣಪತ್ರವನ್ನು ಎಸೆಯಬೇಡಿ. ಮಾರ್ಕ್ಸ್ ಕಾರ್ಡ್ ಜೊತೆ ಅದೇ ಕವರಿನಲ್ಲಿಡಿ. ಕಟ್ಟೆಯ ಮೇಲೆ ಕೂತು ಬಳೆ ಕಾಯ್ದದ್ದಕ್ಕೆ ಯಾರೂ ಪ್ರಮಾಣಪತ್ರ ಕೊಡುವುದಿಲ್ಲ.

ಉಡುಪಿನ ಬಗ್ಗೆ ಹಳೇಬೀಡಿನ ನೆಂಟರ ಮನೆಯಲ್ಲಿ ಒಳ್ಳೆಯ ಪರಿಹಾರವೇ ಸಿಕ್ಕಿತ್ತು. ಅಲ್ಲಿ ಅತ್ತಿಗೆ ಮನೆಯಲ್ಲೇ ಹೊಲಿಗೆ ಮಾಡುತ್ತಾರೆ. ಆಟಕ್ಕೆ ಶಿರವಸ್ತ್ರವೆಂದರೆ ದುಬಾರಿ ಕಂಪನಿಯದ್ದೇ ಬೇಕೆಂದಿಲ್ಲ. ಟಿ-ಶರ್ಟಿನ ಹಾಗೆ ಹಿಗ್ಗುವ ಬಟ್ಟೆಯನ್ನು ತಲೆಯ ಅಳತೆಗೆ ಕೊಳವೆಯಂತೆ ಹೊಲಿದು, ಮುಖದ ಭಾಗ ಬಿಟ್ಟು, ಕತ್ತಿನ ತುದಿಯನ್ನು ಅಂಗಿಯ ಒಳಗೆ ಸೇರಿಸಿದರಾಯಿತು. ಒಂದೇ ಎಚ್ಚರಿಕೆ: ಪಿನ್ ಬೇಡ. ಒಬ್ಬರಿಗೊಬ್ಬರು ತಾಗುವ ಆಟದಲ್ಲಿ ಪಿನ್ ಯಾರದೋ ಕಣ್ಣಿಗೆ ಹೋದೀತು. ಗಾಳಿಯಾಡದ ದಪ್ಪ ಬಟ್ಟೆಯೂ ಬೇಡ, ಬೆವರು ಇಂಗಿ ತಲೆ ಭಾರವಾಗುತ್ತದೆ. ಅತ್ತಿಗೆ ಹತ್ತು ನಿಮಿಷದಲ್ಲಿ ಒಂದನ್ನು ಕತ್ತರಿಸಿ ತೋರಿಸಿದರು. ನಾನು ಅದನ್ನು ಚೀಲದಲ್ಲಿ ಹಾಕಿಕೊಂಡು ಬಂದಿದ್ದೆ.

ಅದನ್ನು ಬೇಲೂರಿನ ಹುಡುಗಿಗೆ ಕೊಟ್ಟಾಗ ಅವಳು ಕನ್ನಡಿಯ ಮುಂದೆ ನಿಂತು ಹಾಕಿಕೊಂಡು, ತಲೆ ಅತ್ತ ಇತ್ತ ಜೋರಾಗಿ ಅಲ್ಲಾಡಿಸಿ ನೋಡಿದಳು. ಜಾರಲಿಲ್ಲ. ಬಳಿಕ ಹಿತ್ತಲಿಗೆ ಕರೆದುಕೊಂಡು ಹೋದಳು. ಅಲ್ಲೊಂದು ತೆಂಗಿನಮರ, ಪಕ್ಕದಲ್ಲಿ ನೀರಿನ ತೊಟ್ಟಿಯ ಗೋಡೆ. "ಬುಟ್ಟಿ ಎಷ್ಟು ಎತ್ತರಕ್ಕಿರಬೇಕು ಖಾಲಾ?" ಎಂದು ಕೇಳಿದಳು. ನೆಲದಿಂದ ಹತ್ತು ಅಡಿ, ಮೀಟರಿನಲ್ಲಿ 3.05. ನೈಸ್ಮಿತ್ ಬುಟ್ಟಿ ನೇತುಹಾಕಿದ ದಿನದಿಂದ ಈ ಎತ್ತರ ಬದಲಾಗಿಲ್ಲ. ಗಂಡಸರಿಗೂ ಹೆಂಗಸರಿಗೂ ಅದೇ. ಚೆಂಡು ಮಾತ್ರ ಹೆಂಗಸರದು ಸ್ವಲ್ಪ ಚಿಕ್ಕದು.

ಅವಳ ಅಬ್ಬಾ ಒಳಗಿನಿಂದ ಟೇಪು ತಂದರು. ಅವರು ಅಷ್ಟು ಹೊತ್ತು ಒಂದು ಮಾತೂ ಆಡಿರಲಿಲ್ಲ. ಏಣಿ ಇಟ್ಟು ಗೋಡೆಯ ಮೇಲೆ ಇದ್ದಿಲಿನಿಂದ ಗುರುತು ಹಾಕಿ, "ರಿಂಗು ವೆಲ್ಡಿಂಗ್‌ನವನ ಹತ್ತಿರ ಮಾಡಿಸಬಹುದು. ಚೆಂಡು ಯಾವ ನಂಬರಿನದು?" ಎಂದು ಕೇಳಿದರು.

ಹಂಚಿ ಉಳಿದಿದ್ದ ಒಂದು ಮದುವೆ ಕಾಗದದ ಹಿಂಬದಿಯಲ್ಲಿ "ಆರನೇ ನಂಬರ್" ಎಂದು ಬರೆದುಕೊಟ್ಟು ಅರಸೀಕೆರೆಯ ಬಸ್ಸು ಹತ್ತಿದೆ.